ಹೊಡೆದವನನ್ನು ಎಲ್ಲಿಗೆ ಕಳಿಸಲಿ? ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ನಾನು ಹಳೇ ಮೈಸೂರು ಭಾಗದ ಒಂದು ತಾಲ್ಲೂಕಿನ ಮಹಿಳಾ ಸಹಾಯ ಕೇಂದ್ರದಲ್ಲಿ ಆಪ್ತ ಸಮಾಲೋಚಕಿ. ಈ ಕೆಲಸಕ್ಕೆ ಸೇರಿ 11 ವರ್ಷ ಆಯ್ತು. ಕೇಂದ್ರ ಅಂದರೆ ದೊಡ್ಡದೇನಲ್ಲ. ಒಂದು ರೂಮು, ಎರಡು ಮೇಜು, ಒಂದು ಕಬ್ಬಿಣದ ಬೀರು, ಆರು ಪ್ಲಾಸ್ಟಿಕ್ ಕುರ್ಚಿ. ಊರಿನ ಹೆಸರು ಬರೆಯುವುದಿಲ್ಲ, ಬಂದವರ ಹೆಸರಂತೂ ಇಲ್ಲವೇ ಇಲ್ಲ, ಯಾರಿಗೂ ಗುರುತು ಸಿಗಬಾರದು ಅಂತ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಉಳಿದದ್ದೆಲ್ಲ ಕಣ್ಣಾರೆ ಕಂಡದ್ದು, ಎದುರು ಕೂತು ಕೇಳಿದ್ದು. ಮೇಲಿನವರಿಗೆ ಎರಡು ಸಲ ಬರೆದೆ. ಉತ್ತರ ಬರಲಿಲ್ಲ. ಅದಕ್ಕೇ ಎಲ್ಲರೂ ಓದಲಿ ಅಂತ ಹೀಗೆ ಬರೆಯುತ್ತಿದ್ದೇನೆ.

ವಿಷಯ ಒಂದೇ. ಏಟು ತಿಂದವಳಿಗೆ ಸರ್ಕಾರ ಒಂದಿಷ್ಟು ದಾರಿ ಮಾಡಿದೆ. 181 ಸಹಾಯವಾಣಿ ಇದೆ, ಸಖಿ ಕೇಂದ್ರ ಇದೆ, ಸಾಂತ್ವನ ಕೇಂದ್ರಗಳಿವೆ, ಕಾನೂನಿದೆ. ಶಕ್ತಿ ಯೋಜನೆ ಬಂದ ಮೇಲೆ, ಗಂಡನ ಮೇಲೆ ದೂರು ಕೊಡೋಕೆ ಗಂಡನ ಹತ್ತಿರವೇ ಬಸ್ ಚಾರ್ಜ್ ಕೇಳಬೇಕಾದ ಕಷ್ಟ ತಪ್ಪಿದೆ, ಇದನ್ನು ಮನಸಾರೆ ಹೇಳುತ್ತೇನೆ. ಆದರೆ ಹೊಡೆದವನು? ಅವನು ಯಾಕೆ ಹೊಡೆದ ಅಂತ ಕೂರಿಸಿಕೊಂಡು ಕೇಳುವವರು ಯಾರೂ ಇಲ್ಲ. ಅವನನ್ನು ಕಳಿಸೋಕೆ ಜಾಗವೂ ಇಲ್ಲ. ಸ್ಟೇಷನ್ ಇದೆ, ಕೋರ್ಟ್ ಇದೆ. ಎರಡೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅವು ಬಿಟ್ಟರೆ ಬೇರೇನೂ ಇಲ್ಲ.

ನಮ್ಮ ಮೇಜಿನ ಮೇಲೆ ಒಂದು ಉದ್ದನೆಯ ರಿಜಿಸ್ಟರ್ ಇದೆ. ಹೆಸರು, ವಯಸ್ಸು, ಮದುವೆಯಾದ ವರ್ಷ, ಮಕ್ಕಳೆಷ್ಟು, ಆಮೇಲೆ ಒಂದು ಕಾಲಂ: 'ಜಗಳಕ್ಕೆ ಕಾರಣ'. 11 ವರ್ಷದಿಂದ ಆ ಕಾಲಂ ತುಂಬುತ್ತಾ ಬಂದಿದ್ದೇನೆ. ಸಾರಿಗೆ ಉಪ್ಪು ಜಾಸ್ತಿ ಆಗಿದ್ದು. ಕೇಳದೆ ತವರಿಗೆ ಹೋಗಿದ್ದು. ಫೋನಿನಲ್ಲಿ ಯಾರ ಜತೆಗೋ ನಕ್ಕಿದ್ದು. ಅತ್ತೆಗೆ ಎದುರುತ್ತರ ಕೊಟ್ಟಿದ್ದು. ಎರಡನೆಯದೂ ಹೆಣ್ಣಾಗಿದ್ದು. ಗೃಹಲಕ್ಷ್ಮಿ ದುಡ್ಡು ಕೊಡದೆ ಇದ್ದದ್ದು. ಇವೆಲ್ಲ ನಾನೇ ನನ್ನ ಕೈಯಲ್ಲೇ ಬರೆದದ್ದು. ಹಿಂದೊಮ್ಮೆ ವರದಿಗೆ ಅಂಕಿ ಸಂಖ್ಯೆ ತೆಗೆಯಲು ಕೂತಾಗ ಪುಟ ತಿರುವುತ್ತಾ ತಿರುವುತ್ತಾ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಆ ಕಾಲಂನಲ್ಲಿ ಇದ್ದದ್ದೆಲ್ಲ ಅವಳು ಮಾಡಿದ್ದು. ಅವನು ಮಾಡಿದ್ದು ಒಂದೂ ಇಲ್ಲ. 'ಕುಡಿತ' ಅನ್ನೋ ಒಂದು ಪದ ಬಿಟ್ಟರೆ ಅವನು ಆ ಪುಟದಲ್ಲಿ ಎಲ್ಲೂ ಇಲ್ಲ. ಹೊಡೆದವನು ಅವನು, ಕಾರಣ ಮಾತ್ರ ಅವಳು. ಸಹಾಯ ಮಾಡ್ತೀನಿ ಅಂತ ಕೂತ ನಾನೇ ಇಷ್ಟು ವರ್ಷ ಹೀಗೆ ಬರೆದಿದ್ದೆ.

ಆವತ್ತಿನಿಂದ ಪ್ರಶ್ನೆ ಬದಲಿಸಿಕೊಂಡೆ. "ಏನಾಯ್ತಮ್ಮ, ಜಗಳ ಯಾಕೆ ಬಂತು?" ಅಂತ ಕೇಳುವುದನ್ನು ಬಿಟ್ಟು, "ಅವನು ಏನೇನು ಮಾಡಿದ? ಮೊದಲು ಏನು ಮಾಡಿದ, ಆಮೇಲೆ ಏನು ಮಾಡಿದ, ಹೊಡೆದಾದ ಮೇಲೆ ಏನು ಮಾಡಿದ?" ಅಂತ ಕೇಳತೊಡಗಿದೆ. ಉತ್ತರಗಳೇ ಬೇರೆಯಾದವು.

ಒಬ್ಬ ಹೆಣ್ಣುಮಗಳು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಮೊದಲು ವಾಚ್ ಬಿಚ್ಚಿ ಟೀವಿ ಪಕ್ಕ ಇಡ್ತಾರೆ ಮೇಡಂ. ವಾಚ್ ಬಿಚ್ಚೋದು ಕಂಡ ತಕ್ಷಣ ಮಗು ಓಡಿಹೋಗಿ ಮಂಚದ ಕೆಳಗೆ ಸೇರ್ಕೊಳ್ಳುತ್ತೆ." ಹತ್ತು ದಿನ ಬಿಟ್ಟು ಅವಳ ಗಂಡ ಬಂದ. ಇಸ್ತ್ರಿ ಮಾಡಿದ ಶರ್ಟು, ಮೆದು ಮಾತು. ಎಲ್ಲರೂ ಹೇಳುವುದನ್ನೇ ಅವನೂ ಹೇಳಿದ: "ಸಿಟ್ಟು ಬಂದ್ರೆ ನಂಗೆ ಏನ್ಮಾಡ್ತಿದೀನಿ ಅಂತಾನೇ ಗೊತ್ತಾಗಲ್ಲ ಮೇಡಂ, ಕೈ ಮೀರಿ ಹೋಗುತ್ತೆ." ನಾನು ವಾದಕ್ಕೆ ಹೋಗಲಿಲ್ಲ. ವಾಚ್ ಯಾಕೆ ಬಿಚ್ಚಿಡ್ತೀರ ಅಂತ ಕೇಳಿದೆ. ತಟ್ಟನೆ ಉತ್ತರ ಬಂತು. "ಗ್ಲಾಸ್ ಒಡೆದುಹೋಗುತ್ತಲ್ಲ, ಮಾವ ಕೊಟ್ಟಿದ್ದು." ಹೇಳಿದ ಮೇಲೆ ಸುಮ್ಮನಾದ. ತನ್ನ ಮಾತು ತನಗೇ ಕೇಳಿಸಿತು ಅನ್ನಿಸುತ್ತೆ. ಮಣಿಕಟ್ಟು ನೋಡಿಕೊಂಡು ತುಂಬಾ ಹೊತ್ತು ಕೂತಿದ್ದ.

ಸಿಟ್ಟಿಗೆ ಕಣ್ಣಿಲ್ಲ ಅಂತೀವಿ ಅಲ್ವಾ? ನಾನು ಕಂಡ ಸಿಟ್ಟಿಗೆ ಕಣ್ಣು ಚೆನ್ನಾಗೇ ಕಾಣಿಸುತ್ತಿತ್ತು. ವಾಚು ಕಾಣಿಸುತ್ತಿತ್ತು. ರವಿಕೆ ಎಲ್ಲಿವರೆಗೆ ಮುಚ್ಚುತ್ತೆ ಅನ್ನೋದು ಕಾಣಿಸುತ್ತಿತ್ತು, ಏಟು ಅದರೊಳಗೇ ಬೀಳುತ್ತಿತ್ತು. ಅದೇ ಮನುಷ್ಯನಿಗೆ ಸಾಲ ಕೊಟ್ಟವನು ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ ಬೈದರೂ ಸಿಟ್ಟು ನುಂಗಿಕೊಂಡು ಬರುತ್ತಾನೆ. ನುಂಗಲು ಬರುತ್ತೆ ಅವನಿಗೆ. ಮನೆಯಲ್ಲಿ ನುಂಗಬೇಕಾಗಿಲ್ಲ ಅಂತ ಅವನಿಗೆ ಗೊತ್ತು, ಅಷ್ಟೇ. ಇದು ಎಲ್ಲರ ವಿಷಯದಲ್ಲೂ ಹೀಗೇ ಅಂತ ಹೇಳಲಾರೆ. ಮನಸ್ಸಿನ ಕಾಯಿಲೆಯಿಂದ ನಿಜಕ್ಕೂ ಹಿಡಿತ ತಪ್ಪಿದವರನ್ನೂ ನೋಡಿದ್ದೇನೆ, ಅವರನ್ನು ಆಸ್ಪತ್ರೆಗೆ ಕಳಿಸಿದ್ದೇನೆ, ಅವರಿಗಾಗಿ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಗೋಡೆ ಮೇಲೆ ಬರೆದಿಟ್ಟಿದ್ದೇನೆ. ಆದರೆ ಅಂಥವರು ಕಡಿಮೆ.

ಇನ್ನೊಬ್ಬಳ ವಿಷಯ ಹೇಳಬೇಕು, ಇದು ನನ್ನ ದೂರು ಕೂಡ. ಅವಳು ಮೂರು ಸಲ ಸ್ಟೇಷನ್ನಿಗೆ ಹೋದಳು. ಮೂರು ಸಲವೂ ಗಂಡನನ್ನು ಕರೆಸಿ ನಾಲ್ಕು ಮಾತು ಬೈದು, 'ಇನ್ನು ಮುಂದೆ ಚೆನ್ನಾಗಿ ಬಾಳ್ವೆ ಮಾಡ್ತೀನಿ' ಅಂತ ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. "ಹೋಗಮ್ಮ, ಗಂಡ ಹೆಂಡ್ತಿ ಅಂದ್ಮೇಲೆ ಇದ್ದದ್ದೇ, ನೀನೂ ಸ್ವಲ್ಪ ಹೊಂದ್ಕೊಂಡು ಹೋಗು" ಅನ್ನೋ ಮಾತು ಮೂರು ಸಲವೂ ಸಿಕ್ಕಿತು. ಮೂರನೇ ಮುಚ್ಚಳಿಕೆ ಆಗಿ ಎರಡು ತಿಂಗಳಿಗೆ ನಮ್ಮಲ್ಲಿಗೆ ಬಂದಳು. ನಾನು ಯಾವಾಗಲೂ ಕೂರುವ ಕುರ್ಚಿಯಲ್ಲಿ ಕೂತು ಮಾತಾಡಿದರೆ ಉತ್ತರವೇ ಕೊಡುತ್ತಿರಲಿಲ್ಲ. ಆಮೇಲೆ ಗೊತ್ತಾಯಿತು, ಎಡಗಿವಿ ಕೇಳಿಸುತ್ತಿರಲಿಲ್ಲ. ಕೆನ್ನೆಗೆ ಬಿದ್ದ ಏಟಿಗೆ ಕಿವಿ ತಮಟೆ ಹರಿದಿತ್ತು. ಬಲಗೈಯವನು ಎದುರು ನಿಂತು ಹೊಡೆದರೆ ಬೀಳುವುದು ಎಡಗಿವಿಗೇ. ಆವತ್ತಿನಿಂದ ಯಾರೇ ಬರಲಿ, ನಾನು ಕುರ್ಚಿ ಎಳೆದುಕೊಂಡು ಅವರ ಬಲಕ್ಕೆ ಕೂರುತ್ತೇನೆ.

ಆ ಮೂರು ಮುಚ್ಚಳಿಕೆಯಲ್ಲಿ ಒಂದರಲ್ಲೂ ಅವನು ಏನು ಮಾಡಿದ ಅಂತ ಬರೆದಿರಲಿಲ್ಲ. 'ಗಂಡ ಹೆಂಡತಿ ನಡುವೆ ಮನಸ್ತಾಪ' ಅಂತಿತ್ತು. ಆ ಸ್ಟೇಷನ್ನಿನವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ, ಅವರಿಗೂ ಅದೇ ಪಾಠ ಆಗಿದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ನಾವೆಲ್ಲರೂ ಹೇಳಿಕೊಂಡು ಬೆಳೆದವರಲ್ವಾ? ಆ ಗಾದೆ ಹೇಳುವುದು ಜಗಳದ ಬಗ್ಗೆ. ಜಗಳ ಅಂದರೆ ಇಬ್ಬರೂ ಕೂಗಾಡಬಹುದು, ಇಬ್ಬರಿಗೂ ಭಯ ಇರುವುದಿಲ್ಲ. ಒಬ್ಬರು ಬಾಗಿಲ ಕಡೆ ನೋಡುತ್ತಾ ಮಾತಾಡುವ ಸ್ಥಿತಿ ಇದ್ದರೆ ಅದಕ್ಕೆ ಜಗಳ ಅನ್ನಬಾರದು.

ನಮ್ಮ ರಾಜ್ಯದ ಲೆಕ್ಕ ನಿಮಗೆ ಗೊತ್ತೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದವರು ಕರ್ನಾಟಕದಲ್ಲಿ ಶೇ 44.4. ದೇಶದ ಸರಾಸರಿ ಶೇ 29.3. ರಾಜ್ಯಗಳ ಪೈಕಿ ನಾವೇ ಮೊದಲು. ಅದರ ಹಿಂದಿನ ಸಮೀಕ್ಷೆಯಲ್ಲಿ ನಮ್ಮದು ಶೇ 20.6 ಇತ್ತು. ಹೇಳಿಕೊಳ್ಳುವ ಧೈರ್ಯ ಜಾಸ್ತಿ ಆಗಿದ್ದೂ ಅದರಲ್ಲಿ ಸೇರಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನನ್ನನ್ನು ಜಾಸ್ತಿ ಕಾಡುತ್ತದೆ. ಹೆಂಡತಿ ಹೇಳದೆ ಹೊರಗೆ ಹೋದರೆ, ಅಡುಗೆ ಸರಿ ಮಾಡದಿದ್ದರೆ, ಎದುರು ಮಾತಾಡಿದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ, ಹೀಗೆ ಏಳು ಸಂದರ್ಭ ಕೊಟ್ಟು ಗಂಡ ಹೊಡೆಯುವುದು ಸರಿಯಾ ಅಂತ ಕೇಳಿದ್ದರು. ಒಂದಕ್ಕಾದರೂ ಹೌದು ಅಂದ ಗಂಡಸರು ಕರ್ನಾಟಕದಲ್ಲಿ ಶೇ 81.9. ಹಿಮಾಚಲ ಪ್ರದೇಶದಲ್ಲಿ ಶೇ 14.2. ನಮ್ಮ ಹೆಂಗಸರಲ್ಲೂ ಶೇ 76.9 ಮಂದಿ ಹೌದು ಅಂದಿದ್ದಾರೆ. ಆ ಏಳು ಸಂದರ್ಭ ಓದಿದಾಗ ನನಗೆ ನನ್ನ ರಿಜಿಸ್ಟರಿನ ಕಾಲಂ ಓದಿದ ಹಾಗೇ ಆಯಿತು.

ಹಿಮಾಚಲದ ಗಂಡಸರಿಗೆ ಸಿಟ್ಟು ಬರುವುದಿಲ್ಲವಾ? ಅಲ್ಲಿ ಸಾಲ ಇಲ್ಲವಾ, ಕುಡಿತ ಇಲ್ಲವಾ? ಎಲ್ಲ ಇದೆ. ಸಿಟ್ಟು ಬಂದಾಗ ಹೆಂಡತಿ ಮೇಲೆ ಕೈ ಎತ್ತಬಹುದು ಅಂತ ಊರಿಗೆ ಊರೇ ಒಪ್ಪಿದೆಯೋ ಇಲ್ಲವೋ, ವ್ಯತ್ಯಾಸ ಇರುವುದು ಅಲ್ಲಿ ಅಂತ ನನ್ನ ಅನಿಸಿಕೆ.

ಕುಡಿತದ ಮಾತಿಗೆ ಬರುತ್ತೇನೆ, ಯಾಕಂದರೆ ಎಲ್ಲರೂ ಮೊದಲು ಹೇಳುವುದು ಅದನ್ನೇ. ನಾನು ಅದನ್ನು ಹಗುರ ಮಾಡುವುದಿಲ್ಲ. ಗಂಡ ಪದೇ ಪದೇ ಕುಡಿದು ಅಮಲೇರುವ ಮನೆಗಳ ಹೆಂಗಸರಲ್ಲಿ ಶೇ 70ರಷ್ಟು ಮಂದಿ ಹಿಂಸೆ ಅನುಭವಿಸಿದ್ದಾರೆ, ಕುಡಿಯದವರ ಮನೆಗಳಲ್ಲಿ ಶೇ 23 ಅಂತ ಅದೇ ಸಮೀಕ್ಷೆ ಹೇಳುತ್ತದೆ. ದೊಡ್ಡ ಅಂತರ. ಆದರೆ ಕುಡಿಯದ ಗಂಡನಿಂದ ಏಟು ತಿಂದ ಆ ಶೇ 23 ಕೂಡ ಸಣ್ಣದಲ್ಲವಲ್ಲ? ಬಿಡಿಸುವ ಶಿಬಿರಕ್ಕೆ ಹೋಗಿ ಕುಡಿತ ಬಿಟ್ಟ ಒಬ್ಬನ ಹೆಂಡತಿ ವರ್ಷ ಬಿಟ್ಟು ಬಂದು, "ಈಗ ಕುಡಿಯದೇ ಹೊಡೀತಾರೆ ಅಕ್ಕಾ, ಮೊದಲು ಕೈ ತೂರಾಡ್ತಿತ್ತು, ಈಗ ಗುರಿ ತಪ್ಪಲ್ಲ" ಅಂದಳು. ಕುಡಿತ ಅವನ ಕೈಯ ಅಳುಕನ್ನು ಬಿಡಿಸುತ್ತೆ. ಹೊಡೀಬಹುದು ಅನ್ನೋ ಯೋಚನೆ ಬಾಟಲಿಯಿಂದ ಬಂದದ್ದಲ್ಲ.

ಹಾಗಾದರೆ ಎಲ್ಲಿಂದ ಬಂತು? ಮನೆಯಿಂದ ಬಂತು ಅನ್ನುವುದು ಅರ್ಧ ಉತ್ತರ. ಅಮ್ಮ ಏಟು ತಿನ್ನುವುದನ್ನು ನೋಡಿ ಬೆಳೆದ ಹೆಣ್ಣುಮಕ್ಕಳು ಮುಂದೆ ತಾವೂ ಏಟು ತಿನ್ನುವ ಸಾಧ್ಯತೆ ಜಾಸ್ತಿ, ಅಪ್ಪ ಹೊಡೆಯುವುದನ್ನು ನೋಡಿದ ಹುಡುಗರು ಹೊಡೆಯುವ ಸಾಧ್ಯತೆ ಜಾಸ್ತಿ ಅಂತ ಎಷ್ಟೋ ಕಡೆಯ ಅಧ್ಯಯನಗಳು ಹೇಳಿವೆ. ನನಗೆ ಇದು ಪುಸ್ತಕದಲ್ಲಿ ಅಲ್ಲ, ಇಬ್ಬರು ಅಣ್ಣತಮ್ಮಂದಿರಲ್ಲಿ ಅರ್ಥ ಆಯಿತು.

ಅಣ್ಣ ನಮ್ಮಲ್ಲಿಗೆ ಬಂದವನು. ಹೆಂಡತಿಯ ಕೈ ಮುರಿದಿದ್ದ. ನಾಲ್ಕನೇ ಸಲ ಬಂದಾಗ ತಾನಾಗೇ ಬಾಯಿ ಬಿಟ್ಟ. ಸಣ್ಣವನಿದ್ದಾಗ ಅಪ್ಪ ಅವ್ವನಿಗೆ ಹೊಡೆಯುವಾಗ ಇಬ್ಬರೂ ರಾಗಿ ತುಂಬಿದ ವಾಡೆ ಹಿಂದೆ ಅವಿತುಕೊಳ್ಳುತ್ತಿದ್ದರಂತೆ, ತಮ್ಮನ ಬಾಯಿಗೆ ತಾನು ಕೈ ಮುಚ್ಚಿ ಹಿಡಿಯುತ್ತಿದ್ದನಂತೆ, ಅಳುವ ಸದ್ದು ಕೇಳಿದರೆ ಇವರಿಗೂ ಬೀಳುತ್ತಿತ್ತು. "ನಾನು ದೊಡ್ಡವನಾದ್ರೆ ಹಿಂಗ್ ಮಾಡಬಾರ್ದು ಅಂತ ಆಣೆ ಮಾಡ್ಕೊಂಡಿದ್ದೆ ಮೇಡಂ" ಅಂತ ಗಳಗಳ ಅತ್ತ. ನನಗೂ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಆದರೆ ಅವನ ಹೆಂಡತಿ ಅದೇ ಮನೆಯ ಅದೇ ಮೂಲೆಯಲ್ಲಿ ಕೈ ಮುರಿದುಕೊಂಡಿದ್ದಳು.

ತಮ್ಮನನ್ನೂ ಮಾತಾಡಿಸಿದೆ. ಅವನಿಗೆ ಮದುವೆಯಾಗಿ ಒಂಬತ್ತು ವರ್ಷ, ಒಂದು ದಿನವೂ ಕೈ ಎತ್ತಿಲ್ಲ. ಅವನ ಹೆಂಡತಿಯನ್ನು ಬೇರೆಯಾಗಿ ಕೇಳಿ ಖಾತ್ರಿ ಮಾಡಿಕೊಂಡೆ. ಅದೇ ಅಪ್ಪ, ಅದೇ ವಾಡೆ, ಅದೇ ಕತ್ತಲೆ. ನೀನು ಹೇಗಪ್ಪ ಹೀಗಾದೆ ಅಂದೆ. ಯೋಚನೆ ಮಾಡಿ ಹೇಳಿದ. "ನಂಗೂ ಕೈ ಎದ್ದು ಬರುತ್ತೆ ಅಕ್ಕಾ. ಆಗ ಎದ್ದೋಗಿ ಕೊಟ್ಟಿಗೆ ಗುಡಿಸ್ತೀನಿ. ಗುಡಿಸಿದ್ದೇ ಇದ್ರೂ ಗುಡಿಸ್ತೀನಿ. ಅವ್ವ ಸಾಯೋವಾಗ ನನ್ ಕೈ ಹಿಡ್ಕೊಂಡಿದ್ಲು, ಅವಳ ಬೆರಳು ಒಂದು ಸೊಟ್ಟಗಿತ್ತು, ಅಪ್ಪ ಮುರಿದದ್ದು. ಅದು ನೆಪ್ಪಾಗುತ್ತೆ."

ಅಣ್ಣನನ್ನು ಯಾರೂ ಯಾವತ್ತೂ ಏನೂ ಕೇಳಿರಲಿಲ್ಲ. ಶಾಲೆಯಲ್ಲಿ ಕೇಳಲಿಲ್ಲ, ಸಂಘದಲ್ಲಿ ಕೇಳಲಿಲ್ಲ, ಮದುವೆ ಮಾಡುವಾಗ ಕೇಳಲಿಲ್ಲ. ಮೊದಲ ಸಲ ಹೊಡೆದಾಗ ಊರಿನವರು ಬಂದು ಅವನ ಹೆಂಡತಿಗೇ ಬುದ್ಧಿ ಹೇಳಿ ಹೋದರು. ಮೊದಲ ಏಟಿಗೆ ಯಾರೂ ಏನೂ ಅನ್ನದೆ ಇದ್ದಾಗ ಎರಡನೆಯದಕ್ಕೆ ದಾರಿ ಸಲೀಸಾಗುತ್ತದೆ. ಸಣ್ಣವನಿದ್ದಾಗಿನ ನೋವು ಕೇಳಿದ್ದರಿಂದ ಅವನು ನನಗೆ ಅರ್ಥ ಆದ. ಅರ್ಥ ಆದ ಅಂತ ಅವನನ್ನು ಬಿಟ್ಟುಬಿಡಬೇಕು ಅಂತಲ್ಲ, ಕೇಸು ನಡೆಯುತ್ತಿದೆ, ನಡೆಯಲಿ.

ದುಡ್ಡಿನ ವಿಷಯ. ಹೆಂಗಸು ದುಡಿದರೆ ಎಲ್ಲ ಸರಿಹೋಗುತ್ತೆ ಅಂತ ನಾವು ಭಾಷಣದಲ್ಲಿ ಹೇಳುತ್ತೇವೆ. ಬೆಂಗಳೂರಿನ ಬಡ ಬಡಾವಣೆಗಳಲ್ಲಿ 744 ಯುವ ವಿವಾಹಿತೆಯರನ್ನು ಎರಡು ವರ್ಷದುದ್ದಕ್ಕೂ ಮತ್ತೆ ಮತ್ತೆ ಮಾತಾಡಿಸಿ ಮಾಡಿದ ಒಂದು ಅಧ್ಯಯನ 2010ರಲ್ಲಿ ಬಂತು. ಕೆಲಸ ಇಲ್ಲದೆ ಇದ್ದು ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸರಿಗೆ, ಮನೆಯಲ್ಲೇ ಉಳಿದವರಿಗಿಂತ ಏಟು ಬೀಳುವ ಸಾಧ್ಯತೆ ಶೇ 80ರಷ್ಟು ಜಾಸ್ತಿ ಇತ್ತು. ಗಂಡನ ಕೆಲಸಕ್ಕೆ ಹೊಸದಾಗಿ ತೊಂದರೆ ಬಂದ ಮನೆಗಳಲ್ಲಿ 1.7 ಪಟ್ಟು. ನಮ್ಮ ಕಡೆ ಗಾರ್ಮೆಂಟ್ಸ್ ಬಸ್ಸು ಹತ್ತುವ ಹುಡುಗಿಯರನ್ನು ಕೇಳಿದರೆ ಈ ಅಧ್ಯಯನ ಬೇಕಾಗಿಯೇ ಇಲ್ಲ. ಮೊದಲ ಸಂಬಳದ ದಿನ ಏಟು ತಿಂದವರು ಮೂವರು ನನ್ನ ರಿಜಿಸ್ಟರಿನಲ್ಲಿದ್ದಾರೆ. ಅಂದರೆ ಕೆಲಸಕ್ಕೆ ಹೋಗಬೇಡಿ ಅಂತಲ್ಲ, ದಯವಿಟ್ಟು ಹಾಗೆ ಓದಬೇಡಿ. ಮನೆಯ ಯಜಮಾನ ನಾನೇ ಅಂತ ನಂಬಿಕೊಂಡವನಿಗೆ ಆ ಯಜಮಾನಿಕೆ ಅಲುಗಾಡಿದಾಗ ಅದನ್ನು ಬೇರೆ ರೀತಿ ತಡೆದುಕೊಳ್ಳುವುದನ್ನು ಯಾರೂ ಕಲಿಸಿಲ್ಲ. ಹೆಣ್ಣುಮಕ್ಕಳಿಗೆ ನಾವು ಟೈಲರಿಂಗ್ ಕಲಿಸಿದೆವು, ಸಂಘ ಕಟ್ಟಿಸಿದೆವು, ಸಾಲ ಕೊಡಿಸಿದೆವು. ಅವಳು ಬದಲಾದಳು. ಅವನನ್ನು ಇದ್ದ ಜಾಗದಲ್ಲೇ ಬಿಟ್ಟೆವು.

ಮತ್ತೆ, ಹೊಡೆತವೇ ಶುರುವಲ್ಲ. ಹೊಡೆತಕ್ಕೆ ಎಷ್ಟೋ ಮೊದಲೇ ಶುರುವಾಗಿರುತ್ತದೆ. ಎಲ್ಲಿದ್ದೀಯ, ಫೋಟೋ ಕಳಿಸು. ಎಟಿಎಂ ಕಾರ್ಡ್ ನನ್ನ ಹತ್ತಿರ ಇರಲಿ. ಆ ಸ್ನೇಹಿತೆ ಸರಿ ಇಲ್ಲ, ಮಾತು ಬಿಡು. ತವರಿಗೆ ಯಾಕೆ ಅಷ್ಟು ಸಲ? ಮದುವೆಯಾದ ಹೊಸದರಲ್ಲಿ ಇದನ್ನೇ ಹುಡುಗಿಯರು ಪ್ರೀತಿ ಅಂದುಕೊಳ್ಳುತ್ತಾರೆ, ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಏಟು. ಮಾರನೇ ದಿನ ಮಲ್ಲಿಗೆ ಹೂವು, ಜಿಲೇಬಿ ಪೊಟ್ಟಣ, ಕಾಲಿಗೆ ಬೀಳುವುದು, "ಎರಡು ದಿನ ದೇವ್ರ ತರ ಇರ್ತಾರೆ". ಆಮೇಲೆ ಮತ್ತೆ ಮೋಡ ಕಟ್ಟುತ್ತದೆ. ಲೆನೋರ್ ವಾಕರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞೆ 1979ರಲ್ಲೇ ಈ ಚಕ್ರವನ್ನು ವಿವರಿಸಿದ್ದರು. ಹೊಡೆತ ಇಲ್ಲದಿದ್ದರೂ ಹೀಗೆ ಉಸಿರು ಕಟ್ಟಿಸಿ ಹಿಡಿದಿಡುವುದನ್ನೇ ಇಂಗ್ಲೆಂಡಿನಲ್ಲಿ 2015ರ ಕಾನೂನು ಅಪರಾಧ ಮಾಡಿದೆ. ನಮ್ಮ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲೂ ಮಾತಿನ, ಮನಸ್ಸಿನ, ದುಡ್ಡಿನ ಹಿಂಸೆ ಎಲ್ಲ ಇದೆ. ಕಾಗದದಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ.

ಹೆಂಡತಿಯಿಂದ ಏಟು ತಿನ್ನುವ ಗಂಡಸರಿಲ್ಲವಾ ಅಂತ ಕೇಳುವವರಿಗೆ: ಇದ್ದಾರೆ, ನಮ್ಮಲ್ಲಿಗೂ ಬಂದಿದ್ದಾರೆ, ಕೂರಿಸಿ ಮಾತಾಡಿದ್ದೇನೆ. ಅವರ ನೋವು ಸುಳ್ಳಲ್ಲ. ಜೀವ ಉಳಿಯುತ್ತೋ ಇಲ್ಲವೋ ಅಂತ ನಡುಗುತ್ತಾ ಬಂದವರು ಮಾತ್ರ ಈ 11 ವರ್ಷದಲ್ಲಿ ಹೆಂಗಸರೇ.

ಇನ್ನು ನನ್ನ ಬೇಡಿಕೆಗಳು. ಎಲ್ಲಕ್ಕಿಂತ ಮೊದಲನೆಯದು ತೀರಾ ಸಣ್ಣದು, ಖರ್ಚಿಲ್ಲದ್ದು. 'ಜಗಳಕ್ಕೆ ಕಾರಣ' ಅನ್ನೋ ಥರದ ಕಾಲಂ ಯಾವ ಕೇಂದ್ರದ ಯಾವ ರಿಜಿಸ್ಟರಿನಲ್ಲಿ ಇದ್ದರೂ ತೆಗೆಸಿ. ಅದರ ಬದಲು ಅವನು ಏನು ಮಾಡಿದ, ಎಷ್ಟನೇ ಸಲ, ಯಾರ ಎದುರಿಗೆ, ಮಕ್ಕಳು ಎಲ್ಲಿದ್ದರು ಅಂತ ಇರಲಿ. ಮುಖ್ಯವಾಗಿ ಕುತ್ತಿಗೆ ಹಿಸುಕಿದ್ದಾನಾ ಅಂತ ಒಂದು ಪ್ರಶ್ನೆ ಕಡ್ಡಾಯವಾಗಿ ಇರಲಿ. ಹಿಂದೆ ಒಮ್ಮೆ ಕುತ್ತಿಗೆ ಹಿಸುಕಿಸಿಕೊಂಡವಳು ಮುಂದೆ ಅವನ ಕೈಯಲ್ಲೇ ಕೊಲೆಯಾಗುವ ಅಪಾಯ ಏಳು ಪಟ್ಟು ಜಾಸ್ತಿ ಅಂತ ಅಮೆರಿಕದ ಅಧ್ಯಯನ ತೋರಿಸಿದೆ. ಗುರುತು ಉಳಿಯದ ಕಾರಣ ಹೆಂಗಸರು ಅದನ್ನು ತಾವಾಗಿ ಹೇಳುವುದೇ ಇಲ್ಲ, ಕೇಳಿದರೆ ಮಾತ್ರ ಸೆರಗು ಸರಿಸಿ ಎಲ್ಲಿ ಹಿಸುಕಿದ ಅಂತ ತೋರಿಸುತ್ತಾರೆ. ಬಿಟ್ಟು ಹೋಗ್ತೀನಿ ಅಂದ ಮೇಲೆ ಅಪಾಯ ಜಾಸ್ತಿ ಆಗುತ್ತೆ ಅನ್ನುವುದನ್ನೂ ಸ್ಟೇಷನ್ನಿನವರಿಗೆ, ರಾಜಿ ಮಾಡುವ ಹಿರಿಯರಿಗೆ ತಿಳಿಸಿ ಹೇಳಬೇಕು. "ಬಿಟ್ಟು ಬರಬಾರದಾ" ಅಂತ ನಾವು ಸಲೀಸಾಗಿ ಅಂದುಬಿಡುತ್ತೇವೆ.

ಎರಡನೆಯದು ದೊಡ್ಡದು. 2005ರ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರು ಗಂಡನೊಬ್ಬನನ್ನೇ ಆಪ್ತ ಸಮಾಲೋಚನೆಗೆ ಕಳಿಸಬಹುದು. 2006ರ ನಿಯಮಗಳಲ್ಲಿ ಇನ್ನೂ ಒಳ್ಳೆಯ ಮಾತಿದೆ, ಹಿಂಸೆಗೆ ಸಮರ್ಥನೆ ಕೊಡಲು ಆ ಸಮಾಲೋಚನೆಯಲ್ಲಿ ಅವಕಾಶ ಇಲ್ಲ ಅಂತ ಅವನಿಗೆ ಮೊದಲೇ ತಿಳಿಸಬೇಕು ಅಂತಿದೆ. "ಅವಳೇ ಬಾಯಿ ಮಾಡಿದ್ಲು" ಅನ್ನುವುದಕ್ಕೆ ಅಲ್ಲಿ ಬೆಲೆ ಇಲ್ಲ. ಆದರೆ ನಾನು ಕಂಡ ಮಟ್ಟಿಗೆ ಸಮಾಲೋಚನೆ ಅಂದರೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಒಂದು ಗಂಟೆಯಲ್ಲಿ ಒಂದು ಮಾಡಿ ಕಳಿಸುವುದು. ಹೊಡೆದವನ ಪಕ್ಕದಲ್ಲೇ ಕೂತು ಅವಳು ಏನು ತಾನೇ ಹೇಳುತ್ತಾಳೆ? ಪ್ರತಿ ಜಿಲ್ಲೆಯಲ್ಲಿ ಹೊಡೆದ ಗಂಡಸರಿಗೇ ಅಂತ ಒಂದು ಕಾರ್ಯಕ್ರಮ ಬೇಕು. ವಾರಕ್ಕೊಂದು ದಿನ, ಆರೇಳು ತಿಂಗಳು, ಎಂಟು ಹತ್ತು ಜನ ಸುತ್ತ ಕೂತು ತಾವು ಮಾಡಿದ್ದನ್ನು ತಮ್ಮ ಬಾಯಲ್ಲೇ ಹೇಳಬೇಕು, ತಪ್ಪಿಸಿದರೆ ಕೋರ್ಟಿಗೆ ವರದಿ ಹೋಗಬೇಕು. ಕೇಸಿನ ಬದಲಿಗೆ ಅಲ್ಲ, ಕೇಸಿನ ಜತೆಗೆ. ಆ ಅಷ್ಟೂ ತಿಂಗಳು ಹೆಂಡತಿಯನ್ನು ಬೇರೆಯವರು ಬೇರೆಯಾಗಿ ಮಾತಾಡಿಸುತ್ತಾ ಅವಳು ಸುರಕ್ಷಿತವಾಗಿದ್ದಾಳಾ ಅಂತ ನೋಡಿಕೊಳ್ಳಬೇಕು. ಅಮೆರಿಕದ ಡುಲುತ್ ಅನ್ನೋ ಊರಿನಲ್ಲಿ 1980ರ ದಶಕದ ಮೊದಲಿನಿಂದ ಇಂಥದ್ದು ನಡೆಯುತ್ತಿದೆ. ಅದರಿಂದ ಎಲ್ಲರೂ ಬದಲಾಗುವುದಿಲ್ಲ, ಫಲಿತಾಂಶ ಎಲ್ಲ ಕಡೆ ಒಂದೇ ಥರ ಬಂದಿಲ್ಲ, ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ. ನಮ್ಮ ಪಕ್ಕದ ಮುಂಬೈಯಲ್ಲಿ ಮಾವಾ ಅನ್ನೋ ಸಂಸ್ಥೆ 1993ರಿಂದ ಗಂಡಸರ ಜತೆ, ಹುಡುಗರ ಜತೆ ಕೆಲಸ ಮಾಡುತ್ತಿದೆ. ನಿಮ್ಹಾನ್ಸ್ ನಮ್ಮ ಬೆಂಗಳೂರಿನಲ್ಲೇ ಇದೆ. ನಮ್ಮ ಭಾಷೆಗೆ, ನಮ್ಮ ಊರಿಗೆ ಹೊಂದುವಂಥ ಪಾಠ ಮಾಡಿಕೊಡಿ ಅಂತ ಅಲ್ಲಿನ ತಜ್ಞರನ್ನು ಕೇಳಲು ಸರ್ಕಾರಕ್ಕೆ ಎಷ್ಟು ಹೊತ್ತು?

ಅದೇ ಕಾಯ್ದೆ ಪ್ರಕಾರ ಏಟು ತಿಂದವಳಿಗೆ ಕೋರ್ಟಿನವರೆಗೆ ನೆರವಾಗಬೇಕಾದ ಸಂರಕ್ಷಣಾಧಿಕಾರಿಯ ಕೆಲಸವನ್ನು ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ (ಸಿಡಿಪಿಓ) ಕೊಟ್ಟಿದ್ದೀರಿ. ಅಂಗನವಾಡಿ, ಮೊಟ್ಟೆ, ಪೌಷ್ಟಿಕ ಆಹಾರ, ಮೀಟಿಂಗು, ಇದರ ನಡುವೆ ಇದೂ ಒಂದು. ಪೂರ್ತಿ ಇದೇ ಕೆಲಸಕ್ಕೆ ಜನ ಕೊಡಿ.

ಇನ್ನೊಂದು ಬೇಡಿಕೆ ಅಕ್ಕಪಕ್ಕದ ಮನೆಯವರ ಬಗ್ಗೆ. ನಮ್ಮ ಊರಿನ ಒಂದು ವಠಾರದಲ್ಲಿ ಎಪ್ಪತ್ತು ದಾಟಿದ ಒಬ್ಬರು ಅಜ್ಜಿ ಇದ್ದಾರೆ. ಪಕ್ಕದ ಮನೆಯಲ್ಲಿ ಸದ್ದು ಶುರುವಾದ ತಕ್ಷಣ ಒಂದು ಲೋಟ ಹಿಡಿದುಕೊಂಡು ಹೋಗಿ ಬಾಗಿಲು ಬಡಿಯುತ್ತಾರೆ. "ಹೆಪ್ಪಿಗೆ ಒಂಚೂರು ಮಜ್ಜಿಗೆ ಇದ್ರೆ ಕೊಡವ್ವ." ಬೇರೇನೂ ಹೇಳುವುದಿಲ್ಲ. ಬಾಗಿಲು ತೆಗೆದಾಗ ಅವನೇ ಹೋಗಿ ಲೋಟಕ್ಕೆ ಮಜ್ಜಿಗೆ ಹಾಕಿಕೊಡುತ್ತಾನಂತೆ, "ತಗಳ್ಳಿ ಅಜ್ಜಿ" ಅಂತ ಮೆತ್ತಗೆ. ಆವತ್ತಿಗೆ ಅದು ನಿಲ್ಲುತ್ತದೆ. ರಾತ್ರಿ ಹನ್ನೊಂದಕ್ಕೂ ಹೆಪ್ಪು ಕೇಳಿದ್ದಾರೆ ಅವರು. ಉಗಾಂಡದ ಕಂಪಾಲಾ ನಗರದಲ್ಲಿ ಇದನ್ನೇ ವ್ಯವಸ್ಥಿತವಾಗಿ ಮಾಡಿದರು. ಸಾಸಾ ಅನ್ನೋ ಕಾರ್ಯಕ್ರಮದಲ್ಲಿ ಅದೇ ಬೀದಿಯ ಗಂಡಸರು, ಹೆಂಗಸರು, ಪೊಲೀಸರು, ಆರೋಗ್ಯ ಕಾರ್ಯಕರ್ತರು ವರ್ಷಗಟ್ಟಲೆ ಅಧಿಕಾರದ ಬಗ್ಗೆ, ಮನೆಯಲ್ಲಿ ಯಾರ ಮಾತು ನಡೆಯುತ್ತೆ ಅನ್ನುವುದರ ಬಗ್ಗೆ ಕೂತು ಮಾತಾಡಿದರು. 2014ರಲ್ಲಿ ಬಂದ ವರದಿ ಪ್ರಕಾರ, ಕಾರ್ಯಕ್ರಮ ನಡೆದ ಬಡಾವಣೆಗಳಲ್ಲಿ ಗಂಡ ಅಥವಾ ಸಂಗಾತಿಯಿಂದ ದೈಹಿಕ ಹಿಂಸೆ, ನಡೆಯದ ಕಡೆಗಿಂತ ಶೇ 52ರಷ್ಟು ಕಡಿಮೆ ಇತ್ತು. ನಮ್ಮಲ್ಲಿ ಸ್ತ್ರೀಶಕ್ತಿ ಸಂಘ ಇದೆ, ಹಾಲಿನ ಡೈರಿ ಇದೆ, ಯುವಕ ಸಂಘ ಇದೆ, ಪ್ರೌಢಶಾಲೆ ಇದೆ. ಜನ ಸೇರುವ ಜಾಗಕ್ಕೆ ನಮಗೆ ಬರ ಇಲ್ಲ. ಎಂಟನೇ ಕ್ಲಾಸಿನ ಹುಡುಗರ ಜತೆ ಈ ಮಾತು ಶುರು ಮಾಡಿಸಿ. ವಾಡೆ ಹಿಂದೆ ಅವಿತು ಕೂತವರು ಆ ಬೆಂಚುಗಳಲ್ಲಿ ಇದ್ದೇ ಇರುತ್ತಾರೆ.

ವಾಚಿನ ಮನುಷ್ಯನ ವಿಷಯ ಹೇಳಿದೆನಲ್ಲ. ಅವನ ಹೆಂಡತಿ ಈಗ ಮಗುವಿನ ಜತೆ ತವರಿನಲ್ಲಿದ್ದಾಳೆ, ಕೋರ್ಟಿನಿಂದ ರಕ್ಷಣಾ ಆದೇಶ ಸಿಕ್ಕಿದೆ, ವಾಪಸು ಹೋಗಬೇಕೋ ಬೇಡವೋ ಅವಳಿಗೆ ಬಿಟ್ಟದ್ದು, ನಾನು ಅದರಲ್ಲಿ ಬಾಯಿ ಹಾಕುವುದಿಲ್ಲ. ಅವನು ಹೋದ ವಾರ ಫೋನ್ ಮಾಡಿದ್ದ. ಹೆಂಡತಿಯನ್ನು ಕಳಿಸಿಕೊಡಿ ಅಂತ ಕೇಳೋಕೆ ಮಾಡಿದ ಅಂದುಕೊಂಡೆ. ಅಲ್ಲ. "ಮೇಡಂ, ನಾನು ಹಿಂಗಿರಬಾರ್ದು ಅಂದ್ರೆ ಎಲ್ಲಿಗೆ ಹೋಗ್ಬೇಕು?" ಅಂದ. 11 ವರ್ಷದಲ್ಲಿ ಹೀಗೆ ಕೇಳಿದವನು ಅವನೊಬ್ಬನೇ. ಸೋಮವಾರ ಹನ್ನೊಂದು ಗಂಟೆಗೆ ಬನ್ನಿ, ವಿಳಾಸ ಬರೆದುಕೊಡ್ತೀನಿ ಅಂತ ಹೇಳಿಬಿಟ್ಟಿದ್ದೇನೆ.

ಯಾವ ವಿಳಾಸ ಬರೆದುಕೊಡಲಿ ಮಾನ್ಯ ಸಚಿವರೇ?

ಇಂತಿ ತಮ್ಮ ವಿಶ್ವಾಸಿ,
ತಾಲ್ಲೂಕು ಕೇಂದ್ರವೊಂದರ ಆಪ್ತ ಸಮಾಲೋಚಕಿ